ಮೋಟರ್ ಆಮೇಲೆ ನೋಡೋಣ, ಮೊದಲು ಬ್ರೇಕ್ ತೋರಿಸಿ

ಮನೆಯಲ್ಲೇ ಸೈಕಲ್ಲಿಗೆ ಮೋಟರ್ ಹಾಕಿದೆ ಅಂತ ಯಾರಿಗಾದರೂ ಹೇಳಿ ನೋಡಿ. ಮೊದಲ ಪ್ರಶ್ನೆ, ಎಷ್ಟು ಸ್ಪೀಡ್ ಹೋಗುತ್ತೆ? ಎರಡನೆಯದು, ಎಷ್ಟು ವ್ಯಾಟ್? ಬ್ರೇಕ್ ಹಿಡಿಯುತ್ತಾ, ಚಕ್ರ ಗಟ್ಟಿಯಾಗಿ ಕೂತಿದೆಯಾ ಅಂತ ಯಾರೂ ಕೇಳಲ್ಲ. ನನ್ನನ್ನೂ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ, ಅದಕ್ಕೆ ತಕ್ಕದ್ದು ಅನುಭವಿಸಿದೆ.

ನಾನು ಈ ಕೆಲಸದ ವಿರೋಧಿ ಏನಲ್ಲ. ಚಕ್ರ ಬಿಚ್ಚಿ ಹಾಕಲು ಬರುವವರು ಒಂದು ರಜೆ ದಿನದಲ್ಲಿ ಮುಗಿಸಬಹುದು. ಮೋಟರ್ ಕೂರಿಸಿದ ಚಕ್ರ, ಮೋಟರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಡಬ್ಬಿ, ಎಕ್ಸಲರೇಟರ್, ಪೆಡಲ್ ತಿರುಗುವುದನ್ನು ಗುರುತಿಸುವ ಸೆನ್ಸರ್, ಹಿಡಿದ ಕೂಡಲೇ ಮೋಟರ್ ನಿಲ್ಲಿಸುವ ಬ್ರೇಕ್ ಲಿವರ್, ಎಲ್ಲ ಕಿಟ್‌ನಲ್ಲೇ ಬರುತ್ತೆ. ಹೊಸ ವಿದ್ಯೆಯೂ ಅಲ್ಲ ಇದು. ಹಿಂದಿನ ಚಕ್ರದ ಹಬ್ ಒಳಗೆ, ಅಂದರೆ ಸ್ಪೋಕ್‌ಗಳೆಲ್ಲ ಸೇರುವ ನಡುಭಾಗದೊಳಗೆ, ಮೋಟರ್ ಇಟ್ಟ ಸೈಕಲ್ಲಿಗೆ ಆಗ್ಡೆನ್ ಬೋಲ್ಟನ್ ಎಂಬವರು ಅಮೆರಿಕದಲ್ಲಿ 1895ರಲ್ಲೇ ಪೇಟೆಂಟ್ ಪಡೆದಿದ್ದರು. ಐಡಿಯಾ ಆಗಲೇ ಇತ್ತು, ಹಗುರವಾದ ಬ್ಯಾಟರಿ ಇರಲಿಲ್ಲ ಅಷ್ಟೇ.

ಈಗ ವ್ಯಾಟ್ ಹುಚ್ಚಿನ ವಿಷಯ. ಸಾಧಾರಣ ಮನುಷ್ಯ ಒಂದು ಗಂಟೆ ಬಿಡದೆ ತುಳಿದರೆ ಕೊಡುವುದು ಹೆಚ್ಚುಕಮ್ಮಿ 100 ವ್ಯಾಟ್. ಅಂದರೆ 250 ವ್ಯಾಟ್ ಮೋಟರ್ ಹಾಕಿದರೆ ನಿಮ್ಮಂಥ ಎರಡೂವರೆ ಜನ ಜೊತೆಗೆ ಕೂತು ತುಳಿದ ಹಾಗೆ. ಸಾಲದಾ? ಸೈಕಲ್ಲೂ ನೀವೂ ಸೇರಿ 100 ಕಿಲೋ ಇದ್ದು, 100 ಮೀಟರಿಗೆ 5 ಮೀಟರ್ ಏರುವ ದಿಬ್ಬವನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹತ್ತಬೇಕು ಅಂದರೂ ಬೇಕಾಗುವುದು ಸುಮಾರು 240 ವ್ಯಾಟ್. ಅದರಲ್ಲಿ ಒಂದಿಷ್ಟು ನಿಮ್ಮ ಕಾಲೇ ಕೊಡುತ್ತೆ. ಯುರೋಪಿನಲ್ಲಿ ಸೈಕಲ್ ಅಂತ ಕರೆಸಿಕೊಳ್ಳಬೇಕಾದರೆ ಮಿತಿ ಇರುವುದೂ ಇದೇ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮುಟ್ಟಿದರೆ ಮೋಟರ್ ನೆರವು ನಿಲ್ಲಬೇಕು. 1000 ವ್ಯಾಟ್ ಹಾಕಿ 50ರಲ್ಲಿ ಓಡಿಸುವ ಆಸೆ ಇದ್ದರೆ ಸುಮ್ನೆ ಒಂದು ಸ್ಕೂಟರ್ ತಗೊಳ್ಳಿ, ಅದರ ಬ್ರೇಕು, ಟೈರು ಆ ವೇಗಕ್ಕೆಂದೇ ಮಾಡಿದ್ದು.

25 ಏನು ಮಹಾ ಅನ್ನಿಸಬಹುದು. ನೀವು ದಿನಾ ತುಳಿಯುವುದು 15ರಲ್ಲಿ ಅಂತಿಟ್ಟುಕೊಳ್ಳಿ. 25ಕ್ಕೆ ಹೋದರೆ ಬ್ರೇಕ್ ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟು ಜಾಸ್ತಿ ಆಗುವುದಲ್ಲ, ಹತ್ತಿರ ಹತ್ತಿರ 2.8 ಪಟ್ಟು ಆಗುತ್ತೆ, ಯಾಕೆಂದರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಅದರ ಮೇಲೆ ಮೋಟರ್, ಬ್ಯಾಟರಿ ಸೇರಿ ಐದಾರು ಕಿಲೋ ಭಾರ ಬೇರೆ. ಇದನ್ನೆಲ್ಲ ತಡೆಯಬೇಕಾದದ್ದು ಯಾರು? ಸವೆದು ಕಲ್ಲಾಗಿರುವ ಆ ಎರಡು ಜೊತೆ ರಬ್ಬರ್ ತುಂಡು! ಕಿಟ್ ಆರ್ಡರ್ ಮಾಡುವ ಮೊದಲು ಬ್ರೇಕ್ ಶೂ, ಕೇಬಲ್ ಹೊಸದು ಹಾಕಿ. ಡಿಸ್ಕ್ ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಕಿಟ್ ಚಕ್ರಕ್ಕೆ ಡಿಸ್ಕ್ ಕೂರುತ್ತಾ ನೋಡಿಕೊಂಡೇ ತಗೊಳ್ಳಿ.

ಇನ್ನು ನನ್ನ ಕಥೆ. ಹಿಂದಿನ ಚಕ್ರಕ್ಕೆ ಹಬ್ ಮೋಟರ್ ಹಾಕಿ, ನಟ್ ಬಿಗಿ ಮಾಡಿದೆ ಅಂದುಕೊಂಡು ಹೊರಟೆ. ಎಕ್ಸಲರೇಟರ್ ತಿರುಗಿಸಿದ್ದೇ ಕಟಕ್ ಅಂತ ಒಂದು ಸದ್ದು, ಮೋಟರ್ ಸತ್ತಿತು. ಇಳಿದು ನೋಡಿದರೆ ಆಕ್ಸಲ್ ತಾನೇ ಸುತ್ತು ಹಾಕಿದೆ, ಅದರೊಳಗಿಂದ ಬರುವ ವೈರ್ ಅದಕ್ಕೇ ಸುತ್ತಿಕೊಂಡು ಕಿತ್ತು ಬಂದಿದೆ. ಆಗಿದ್ದು ಏನಪ್ಪಾ ಅಂದರೆ, ಮೋಟರ್ ಚಕ್ರವನ್ನು ಎಷ್ಟು ಬಲದಿಂದ ಮುಂದಕ್ಕೆ ತಿರುಗಿಸುತ್ತದೋ ಅಷ್ಟೇ ಬಲದಿಂದ ಆಕ್ಸಲ್ಲನ್ನು ಹಿಂದಕ್ಕೆ ತಿರುಚುತ್ತೆ. ಸಾದಾ ಸೈಕಲ್ಲಿನ ಆಕ್ಸಲ್ಲಿಗೆ ಈ ಕಾಟವೇ ಇಲ್ಲ, ಹಾಗಾಗಿ ಅದು ಕೂರುವ ಕಚ್ಚನ್ನೂ ಇಷ್ಟೆಲ್ಲ ತಡೆಯಲಿ ಅಂತ ಮಾಡಿರುವುದಿಲ್ಲ. ಇದಕ್ಕೆಂದೇ ಟಾರ್ಕ್ ಆರ್ಮ್ ಅಂತ ಒಂದು ಕಬ್ಬಿಣದ ಪಟ್ಟಿ ಬರುತ್ತೆ, ಒಂದು ತುದಿ ಆಕ್ಸಲ್ಲಿನ ಚಪ್ಪಟೆ ಭಾಗವನ್ನು ಹಿಡಿಯುತ್ತೆ, ಇನ್ನೊಂದು ತುದಿಯನ್ನು ಫ್ರೇಮಿಗೆ ಬಿಗಿಯಬೇಕು. ನನ್ನ ಕಿಟ್ಟಿನಲ್ಲಿ ಅದು ಇತ್ತು ಕೂಡ. ಯಾವುದೋ ಹೆಚ್ಚುವರಿ ತುಂಡು ಅಂತ ಪಕ್ಕಕ್ಕೆ ಇಟ್ಟಿದ್ದೆ!

ಹಿಂದಿನ ಚಕ್ರ ಆದದ್ದಕ್ಕೆ ಬಚಾವಾದೆ. ಮುಂದಿನ ಫೋರ್ಕಿನ ಕಚ್ಚು ಕೆಳಕ್ಕೆ ಬಾಯಿ ಬಿಟ್ಟಿರುತ್ತೆ. ಅಲ್ಲಿ ಆಕ್ಸಲ್ ಸುತ್ತಿ ಕಚ್ಚನ್ನು ಅಗಲಿಸಿದರೆ ಚಕ್ರ ಕಳಚಿ ಬೀಳಬಹುದು, ನೀವು ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ಫೋರ್ಕ್ ಅಲ್ಯೂಮಿನಿಯಂ ಆದರೆ ಅದು ಬಗ್ಗುವುದಿಲ್ಲ, ಬಿರುಕು ಬಿಡುತ್ತೆ. ಅದಕ್ಕೇ ಮುಂದಿನ ಚಕ್ರಕ್ಕೆ ಮೋಟರ್ ಹಾಕುವುದು ಸುಲಭ ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಸುಲಭ ಹೌದು, ಆದರೆ ಉಕ್ಕಿನ ಫೋರ್ಕ್, ಸಣ್ಣ ಮೋಟರ್, ಎರಡೂ ಕಡೆ ಟಾರ್ಕ್ ಆರ್ಮ್ ಇದ್ದರೆ ಮಾತ್ರ.

ಬ್ಯಾಟರಿ ಬಗ್ಗೆ ನನ್ನದು ಒಂದೇ ಮಾತು: ಅದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಹಳೆ ಲ್ಯಾಪ್‌ಟಾಪ್ ಸೆಲ್ ಬಿಚ್ಚಿ ಬೆಸುಗೆ ಹಾಕಿ ಪ್ಯಾಕ್ ಕಟ್ಟುವ ವೀಡಿಯೊ ನೋಡಲು ಮಜಾ ಇರುತ್ತೆ. ಆದರೆ 36 ವೋಲ್ಟ್ ಪ್ಯಾಕಿನಲ್ಲಿ ಹತ್ತು ಸೆಲ್ ಸಾಲಾಗಿ ಇರುತ್ತವೆ, ಒಂದೊಂದೂ 4.2 ವೋಲ್ಟಿಗೆ ತುಂಬುತ್ತೆ, ಚಾರ್ಜರ್ 42 ಕೊಡುತ್ತೆ. ಒಂದು ಸೆಲ್ ಸೋತಿದ್ದರೆ ಅದು ಬೇಗ ತುಂಬಿ 4.2 ದಾಟುತ್ತೆ, ಮಿಕ್ಕವು ತುಂಬಲಿ ಅಂತ ಚಾರ್ಜರ್ ತಳ್ಳುತ್ತಲೇ ಇರುತ್ತೆ, ಬೆಂಕಿಯ ಭಯ ಇರುವುದು ಅಲ್ಲೇ. ಅದನ್ನು ನೋಡಿ ನಿಲ್ಲಿಸುವುದು ಬಿಎಂಎಸ್ ಎಂಬ ಸಣ್ಣ ಬೋರ್ಡ್. ಅದು ಇಲ್ಲದ ಪ್ಯಾಕ್ ಹತ್ತಿರಕ್ಕೂ ಹೋಗಬೇಡಿ. ಸೋಲ್ಡರ್ ಬೆಸುಗೆಯ ಬಿಸಿ ಸೆಲ್ಲಿನ ಒಳಗನ್ನೇ ಕೆಡಿಸುತ್ತೆ, ಆ ಕೆಲಸಕ್ಕೆ ಕ್ಷಣಮಾತ್ರ ಬಿಸಿ ತಾಗಿಸಿ ಅಂಟಿಸುವ ಸ್ಪಾಟ್ ವೆಲ್ಡಿಂಗೇ ಬೇಕು. ಮತ್ತೆ ಚಾರ್ಜಿಗೆ ಹಾಕುವ ಜಾಗ ಮನೆಯ ಬಾಗಿಲ ಬಳಿ ಬೇಡ. ಬೆಂಕಿ ಹೊತ್ತಿದರೆ ನೀವು ಹೊರಗೆ ಓಡಬೇಕಾದ ದಾರಿ ಅದೇ ಅಲ್ವಾ? ರಾತ್ರಿ ಹಾಕಿ ಮಲಗುವುದೂ ಬೇಡ.

ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗಬಹುದು? 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿ ಅಂದರೆ 360 ವ್ಯಾಟ್ ಅವರ್. ಜೊತೆಗೆ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 10ರಿಂದ 15 ವ್ಯಾಟ್ ಅವರ್ ಖರ್ಚು, 25-35 ಕಿಲೋಮೀಟರ್ ಸಿಗುತ್ತೆ. ಬರೀ ಎಕ್ಸಲರೇಟರ್ ಹಿಡಿದು ಕೂತರೆ ಅಷ್ಟು ಸಿಗಲ್ಲ.

ಮೋಟರ್ ಬಂದ ಮೇಲೆ ನಾನು ಗಮನಿಸಿದ್ದು ಇನ್ನೊಂದಿದೆ. ಅದು ಸೈಕಲ್ಲಿನ ಕಾಯಿಲೆಗಳನ್ನೆಲ್ಲ ಮುಚ್ಚಿಡುತ್ತೆ. ಟೈರಲ್ಲಿ ಗಾಳಿ ಕಮ್ಮಿ ಇರಲಿ, ಬ್ರೇಕ್ ಶೂ ರಿಮ್ಮಿಗೆ ತಾಗುತ್ತಿರಲಿ, ಚೈನ್ ಒಣಗಿರಲಿ, ನಿಮ್ಮ ಕಾಲಿಗೆ ಗೊತ್ತೇ ಆಗಲ್ಲ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತೆ. ಹಾಗಾಗಿ ವಾರಕ್ಕೊಂದು ದಿನ ಸ್ವಿಚ್ ಆಫ್ ಮಾಡಿ ಎರಡು ಕಿಲೋಮೀಟರ್ ತುಳಿಯುತ್ತೇನೆ. ಹೋದ ವಾರ ಹಾಗೆ ತುಳಿಯುವಾಗಲೇ ಹಿಂದಿನ ಚಕ್ರದಲ್ಲಿ ಟಿಕ್ ಟಿಕ್ ಅಂತ ಕೇಳಿಸಿತು. ಒಂದು ಸ್ಪೋಕ್ ಮುರಿದಿತ್ತು.