ಎಚ್‌ಡಿ ಗುರುತಿನ ಹಿಂದಿನ ಲೆಕ್ಕ

ಕೇಳುಗ ಮಿತ್ರರೇ, ನಮಸ್ಕಾರ. ಟಿವಿ ಚಿತ್ರದ ಬಗ್ಗೆ ರೇಡಿಯೊದಲ್ಲಿ ಮಾತಾಡೋದು ಸ್ವಲ್ಪ ವಿಚಿತ್ರವೇ. ಆದರೆ ಇವತ್ತು ಹೇಳುವುದೆಲ್ಲ ಕಣ್ಣಿಗೆ ಕಾಣದ ಲೆಕ್ಕ. ಅದಕ್ಕೆ ಕಿವಿ ಸಾಕು.

ಒಂದೇ ಕ್ರಿಕೆಟ್ ಪಂದ್ಯ ಎರಡು ಎಚ್‌ಡಿ ಚಾನೆಲ್‌ನಲ್ಲಿ ಬರುತ್ತಿದೆ ಅಂದುಕೊಳ್ಳಿ. ಒಂದರಲ್ಲಿ ಮೈದಾನದ ಹುಲ್ಲು ಎಳೆ ಎಳೆಯಾಗಿ ಕಾಣುತ್ತದೆ. ಇನ್ನೊಂದರಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡಿತೋ ಇಲ್ಲವೋ, ಹುಲ್ಲೆಲ್ಲ ಕದಡಿ ಹಸಿರು ಚೌಕಗಳಾಗಿಬಿಡುತ್ತದೆ. ಎರಡರ ಮೂಲೆಯಲ್ಲೂ ಎಚ್‌ಡಿ ಗುರುತಿದೆ. ಎರಡರಲ್ಲೂ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಆ ಗುರುತು ಹೇಳುವುದು ಚುಕ್ಕಿಗಳ ಲೆಕ್ಕವನ್ನಷ್ಟೇ. ಆ ಚುಕ್ಕಿಗಳನ್ನು ವರ್ಣಿಸಲು ಸೆಕೆಂಡಿಗೆ ಎಷ್ಟು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಅನ್ನುವ ಅಂಕಿ, ಖರ್ಚು ಮಾಡಿದ್ದಾರೆ ಅನ್ನೋದನ್ನು ಯಾರೂ ಹೇಳುವುದಿಲ್ಲ. ಚಿತ್ರ ಚೆನ್ನಾಗಿರುವುದೂ ಕೆಡುವುದೂ ಅಲ್ಲೇ.

ಒಂದು ಎಚ್‌ಡಿ ಚಿತ್ರದಲ್ಲಿ 20 ಲಕ್ಷಕ್ಕೂ ಜಾಸ್ತಿ ಚುಕ್ಕಿಗಳಿರುತ್ತವೆ. ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಸ್ಟುಡಿಯೊದಲ್ಲಿ ಇದನ್ನು ಹಾಗೇ ಇಟ್ಟರೆ ಸೆಕೆಂಡಿಗೆ ಸುಮಾರು 100 ಕೋಟಿ ಬಿಟ್ ಬೇಕು. ಅಂದರೆ 1000 ಮೆಗಾಬಿಟ್. ಉಪಗ್ರಹದಲ್ಲಿ ಅಷ್ಟು ಜಾಗ ಎಲ್ಲಿದೆ? ನೆಲದಿಂದ ಬಂದ ಸಂಕೇತವನ್ನು ಹಿಡಿದು ಮತ್ತೆ ಕೆಳಗೆ ಕಳಿಸಲು ಅಲ್ಲಿ ಟ್ರಾನ್ಸ್‌ಪಾಂಡರ್ ಅನ್ನುವ ಉಪಕರಣಗಳಿರುತ್ತವೆ. ಉಪಗ್ರಹ ಪ್ರಸಾರದ ಹಳೆಯ ಡಿವಿಬಿ-ಎಸ್ ಪದ್ಧತಿಯಲ್ಲಿ ಸೆಕೆಂಡಿಗೆ ಒಂದು ಟ್ರಾನ್ಸ್‌ಪಾಂಡರ್ ಹೊತ್ತು ತರುವುದು ಸುಮಾರು 38 ಮೆಗಾಬಿಟ್. ಅದಕ್ಕೆ ಬಾಡಿಗೆಯೂ ದುಬಾರಿ. ಹಾಗಾಗಿ ಒಂದು ಚಾನೆಲ್‌ನ 1000 ಮೆಗಾಬಿಟ್ಟನ್ನು ಎಂಟಕ್ಕೋ ಹತ್ತಕ್ಕೋ ಇಳಿಸಲೇಬೇಕು. ನೂರು ಪಾಲಲ್ಲಿ ತೊಂಬತ್ತೊಂಬತ್ತು ಪಾಲು ಬಿಸಾಕಿ, ಬಿಸಾಕಿದ್ದು ನಿಮಗೆ ಗೊತ್ತಾಗದ ಹಾಗೆ ನೋಡಿಕೊಳ್ಳಬೇಕು!

ಇದಕ್ಕೆ ಹಲವು ಉಪಾಯಗಳಿವೆ. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಬಣ್ಣದ ಸಣ್ಣ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಅದಕ್ಕೆ ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುತ್ತಾರೆ. ವಾರ್ತೆ ಓದುವವರ ಹಿಂದಿನ ಗೋಡೆ ಅಲ್ಲಾಡುವುದಿಲ್ಲ, ಅಲ್ವಾ? ಅದನ್ನು ಪ್ರತಿ ಚಿತ್ರದಲ್ಲೂ ಯಾಕೆ ಕಳಿಸಬೇಕು? ಒಂದು ಪೂರ್ತಿ ಚಿತ್ರ ಕಳಿಸಿ, ಆಮೇಲಿನ ಚಿತ್ರಗಳಿಗೆ ಏನು ಬದಲಾಯಿತು, ಯಾವ ತುಂಡು ಎಲ್ಲಿಗೆ ಸರಿಯಿತು ಅಂತ ಮಾತ್ರ ಹೇಳಿದರೆ ಆಯಿತು. ಚಾನೆಲ್ ಬದಲಿಸಿದಾಗ ಒಂದೆರಡು ಸೆಕೆಂಡು ಪರದೆ ಕಪ್ಪಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಮುಂದಿನ ಪೂರ್ತಿ ಚಿತ್ರ ಬರುವ ತನಕ ನಿಮ್ಮ ಬಾಕ್ಸ್ ಕಾಯಬೇಕು.

ಇನ್ನೊಂದು ಉಪಾಯದ ಹಿಂದೆ ಬೆಂಗಳೂರಿನವರೊಬ್ಬರಿದ್ದಾರೆ. ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋದವರು. ಚಿತ್ರದ ಪುಟ್ಟ ಚೌಕವನ್ನು ಚುಕ್ಕಿಗಳಾಗಿ ನೋಡುವ ಬದಲು ಕೊಸೈನ್ ಅಲೆಗಳ ಮೊತ್ತವಾಗಿ ನೋಡಿದರೆ, ಮುಖ್ಯ ಮಾಹಿತಿ ಕೆಲವೇ ಅಂಕಿಗಳಲ್ಲಿ ಬಂದು ಕೂರುತ್ತದೆ. ಉಳಿದ ಅಂಕಿಗಳನ್ನು ಧಾರಾಳವಾಗಿ ಕಡಿತ ಮಾಡಬಹುದು. ಈ ಯೋಚನೆಗೆ ಹಣ ಕೊಡಿ ಅಂತ 1972ರಲ್ಲಿ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ನನ್ನು ಕೇಳಿದರು. ಹಣ ಸಿಗಲಿಲ್ಲ. ಇದು ತೀರಾ ಸರಳವಾಯಿತು ಅಂತ ಪರಿಶೀಲಕರೊಬ್ಬರು ಹೇಳಿದ್ದರಂತೆ. ಅಹ್ಮದ್ ಸುಮ್ನೆ ಕೂರಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರ ಜನವರಿಯಲ್ಲಿ ಲೇಖನ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಮೊಬೈಲ್‌ನ ಜೆಪೆಗ್ ಫೋಟೊದಿಂದ ಹಿಡಿದು ಮನೆಯ ಡಿಟಿಎಚ್ ಬಾಕ್ಸ್ ತನಕ ಆ ಸರಳ ಲೆಕ್ಕ ಇವತ್ತಿಗೂ ಓಡುತ್ತಿದೆ. ನಮ್ಮೂರಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು.

ಈ ಉಪಾಯಗಳನ್ನೆಲ್ಲ ಒಟ್ಟಿಗೆ ಕಟ್ಟಿದ ಮೊದಲ ದೊಡ್ಡ ಟಿವಿ ಪದ್ಧತಿ ಎಂಪೆಗ್-2. 1990ರ ದಶಕದ್ದು. ಡಿವಿಡಿಯೂ ಅದರಲ್ಲೇ ಇತ್ತು. ನಮ್ಮಲ್ಲಿ 2003ರಲ್ಲಿ ಡಿಶ್ ಟಿವಿ ಬಂದಾಗ, 2006ರಲ್ಲಿ ಟಾಟಾ ಸ್ಕೈ ಬಂದಾಗ ಅದನ್ನೇ ಬಳಸಿದರು. ಸಾಮಾನ್ಯ ಚಿತ್ರಕ್ಕೆ ಅದು ಸಾಕಾಗಿತ್ತು. ಎಚ್‌ಡಿಗೆ ಮಾತ್ರ ಎಂಪೆಗ್-2 ಸುಮಾರು 15ರಿಂದ 18 ಮೆಗಾಬಿಟ್ ಕೇಳುತ್ತದೆ. ಒಂದು ಟ್ರಾನ್ಸ್‌ಪಾಂಡರ್‌ಗೆ ಎರಡೇ ಚಾನೆಲ್ ಆಯಿತು. ವ್ಯಾಪಾರ ಗಿಟ್ಟುವುದಿಲ್ಲ.

2003ರಲ್ಲಿ ಚಿತ್ರ ಕುಗ್ಗಿಸುವ ಹೊಸ ಪದ್ಧತಿ ಎಚ್.264 ಸಿದ್ಧವಾಯಿತು. ಡಿಟಿಎಚ್‌ನವರು ಎಂಪೆಗ್-4 ಅಂತ ಕರೆಯುವುದು ಇದನ್ನೇ. ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧ ಬಿಟ್ ಸಾಕು. ಚೌಕಗಳ ಅಂಚು ಎದ್ದು ಕಾಣದಂತೆ ನಯ ಮಾಡುವ ಫಿಲ್ಟರ್ ಕೂಡ ಅದರೊಳಗೇ ಇದೆ. 2007ರಲ್ಲಿ ಶುರುವಾದ ಸನ್ ಡೈರೆಕ್ಟ್, 2008ರ ಏರ್‌ಟೆಲ್, ಇವು ಮೊದಲಿಂದಲೇ ಎಂಪೆಗ್-4 ಹಿಡಿದವು. ತಡವಾಗಿ ಬಂದವರಿಗೆ ಹೀಗೊಂದು ಲಾಭ ಇರುತ್ತದೆ. ಮೊದಲು ಬಂದವರು ಮನೆಮನೆಯ ಹಳೆಯ ಬಾಕ್ಸ್‌ಗಳನ್ನು ಸಾಕಬೇಕಾಯಿತು. ಜೊತೆಗೆ ಡಿವಿಬಿ-ಎಸ್‌ನ ಹೊಸ ರೂಪ ಡಿವಿಬಿ-ಎಸ್2 ಬಂದು ಅದೇ ಟ್ರಾನ್ಸ್‌ಪಾಂಡರ್‌ನಿಂದ ಸುಮಾರು ಶೇಕಡಾ 30 ಜಾಸ್ತಿ ಕೆಲಸ ತೆಗೆಯಿತು. 2010ರ ಅಕ್ಟೋಬರ್‌ನಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ತೋರಿಸಿತು. ಕನ್ನಡದ ಎಚ್‌ಡಿ ಚಾನೆಲ್‌ಗಳು ಆಮೇಲೆ ಒಂದೊಂದಾಗಿ ಬಂದವು.

ಈಗ ಆ ಕದಡಿದ ಹುಲ್ಲಿನ ವಿಷಯ. ಒಂದು ಟ್ರಾನ್ಸ್‌ಪಾಂಡರ್‌ನಲ್ಲಿರುವ ಚಾನೆಲ್‌ಗಳು ಬಿಟ್‌ಗಳನ್ನು ಹಂಚಿಕೊಳ್ಳುತ್ತವೆ. ಒಂದೇ ನಾಲೆಯ ನೀರನ್ನು ಹೊತ್ತು ನೋಡಿ ಬೇರೆ ಬೇರೆ ಗದ್ದೆಗೆ ತಿರುಗಿಸಿದ ಹಾಗೆ. ವಾರ್ತೆಗೆ ಕಡಿಮೆ, ಓಟದ ದೃಶ್ಯಕ್ಕೆ ಜಾಸ್ತಿ. ಉಪಾಯ ಒಳ್ಳೆಯದೇ. ಆದರೆ ಅದೇ ಜಾಗಕ್ಕೆ ಇನ್ನೊಂದು ಚಾನೆಲ್, ಮತ್ತೊಂದು ಚಾನೆಲ್ ಅಂತ ತುರುಕಿದರೆ ಕೊರತೆ ಬೀಳುತ್ತದೆ. ಹುಲ್ಲು, ಮಳೆ, ಹರಿಯುವ ನೀರು, ಕ್ಯಾಮೆರಾ ಫ್ಲ್ಯಾಶ್, ಇಂಥ ಕಡೆ ಅದು ಮೊದಲು ಬಯಲಾಗುತ್ತದೆ. ಪ್ಯಾಕಿನಲ್ಲಿ ಎಷ್ಟು ಎಚ್‌ಡಿ ಚಾನೆಲ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಂದೊಂದಕ್ಕೆ ಎಷ್ಟು ಮೆಗಾಬಿಟ್ ಅಂತಲೂ ಬರೆಯಬೇಕು ಅನ್ನೋದು ನನ್ನ ಅಭಿಪ್ರಾಯ. ಜೋರು ಮಳೆಯಲ್ಲಿ ಚಿತ್ರ ಒಡೆದು ನಿಂತುಹೋಗುವುದು ಬೇರೆ ಕಥೆ. ಅದು ಉಪಗ್ರಹದಿಂದ ಬರುವ ಕೆಯು ಬ್ಯಾಂಡ್ ರೇಡಿಯೊ ಅಲೆಗಳನ್ನು ಮಳೆಹನಿ ನುಂಗುವುದರಿಂದ.

2013ರಲ್ಲಿ ಎಚ್.265 ಬಂತು, ಎಚ್‌ಇವಿಸಿ ಅಂತಲೂ ಹೆಸರು. ಬಿಟ್ ಮತ್ತೆ ಸುಮಾರು ಅರ್ಧಕ್ಕೆ ಇಳಿಯಿತು. 2020ರಲ್ಲಿ ಎಚ್.266 ಕೂಡ ಸಿದ್ಧವಾಯಿತು. ಆದರೂ ನಮ್ಮ ಎಚ್‌ಡಿ ಚಾನೆಲ್‌ಗಳು ಎಚ್.264 ಬಿಟ್ಟು ಸುಲಭಕ್ಕೆ ಕದಲುವುದಿಲ್ಲ. ಹಳೆಯ ಬಾಕ್ಸ್‌ನ ಚಿಪ್‌ಗೆ ಹೊಸ ಲೆಕ್ಕ ಬಿಡಿಸಲು ಬರುವುದಿಲ್ಲ, ಸಾಫ್ಟ್‌ವೇರ್ ಹಾಕಿದರೂ ಆಗದು. ಬಾಕ್ಸನ್ನೇ ಬದಲಿಸಬೇಕು. ಪೇಟೆಂಟ್ ಶುಲ್ಕದ ಗೋಜಲು ಬೇರೆ.

ಹೊಸ ಟಿವಿ ತರುವವರು ಒಂದು ಗಮನಿಸಿ. ಟಿವಿ ಎಷ್ಟೇ ದೊಡ್ಡದಿರಲಿ, ಉಪಗ್ರಹದ ಚಿತ್ರವನ್ನು ಬಿಡಿಸುವ ಕೆಲಸ ಬಾಕ್ಸ್‌ನದು. ಆ ಬಾಕ್ಸ್‌ನಿಂದ ಟಿವಿಗೆ ಕೆಂಪು, ಬಿಳಿ, ಹಳದಿ ಪಿನ್ನಿನ ಹಳೆಯ ವೈರ್ ಹಾಕಿದ್ದರೆ, ಎಚ್‌ಡಿಗೆ ದುಡ್ಡು ಕೊಟ್ಟರೂ ಬರುವುದು ಸಾಮಾನ್ಯ ಚಿತ್ರವೇ. ಎಚ್‌ಡಿಎಂಐ ಕೇಬಲ್ ಇದೆಯಾ ಅಂತ ಇವತ್ತೇ ಒಮ್ಮೆ ಟಿವಿಯ ಹಿಂದೆ ನೋಡಿ. ನಮಸ್ಕಾರ.