ಕೈಯಲ್ಲಿ ಎಳೆದು ನೋಡುವ ನಕ್ಷೆ

ಕೇಳುಗರಿಗೆ ನಮಸ್ಕಾರ.

ನೇರಳೆ ಬಣ್ಣ ಕೆಂಪಿಗೆ ಹತ್ತಿರವೋ, ಹಸಿರಿಗೋ? ಬೆಳಕಿನ ಅಲೆಯ ಉದ್ದ ಅಳೆದರೆ ನೇರಳೆ ಒಂದು ತುದಿ, ಕೆಂಪು ಇನ್ನೊಂದು ತುದಿ. ಆದರೆ ನಮ್ಮ ಕಣ್ಣು ಹಾಗೆ ಹೇಳುವುದಿಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗೋಸ್ಟಾ ಎಕ್ಮನ್ 14 ಬಣ್ಣಗಳನ್ನು ಎರಡೆರಡಾಗಿ ತೋರಿಸಿ, ಇವು ಎಷ್ಟು ಹೋಲುತ್ತವೆ ಎಂದು ಜನರನ್ನು ಕೇಳಿದರು. ಆ ವರದಿ ಬಂದದ್ದು 1954ರಲ್ಲಿ. 14 ಬಣ್ಣ ಅಂದರೆ 91 ಜೋಡಿ. ಅಷ್ಟು ಅಂಕಿಗಳನ್ನು ಸುಮ್ನೆ ದಿಟ್ಟಿಸಿದರೆ ಏನೂ ಹೊಳೆಯುವುದಿಲ್ಲ, ಅಲ್ವಾ?

ಈ ಅಂಕಿಗಳನ್ನು ನಕ್ಷೆಯಾಗಿಸುವ ವಿಧಾನವೇ ಮಲ್ಟಿಡೈಮೆನ್ಷನಲ್ ಸ್ಕೇಲಿಂಗ್. ಒಂದೊಂದು ಬಣ್ಣಕ್ಕೆ ಒಂದೊಂದು ಚುಕ್ಕೆ; ಹೋಲುವ ಚುಕ್ಕೆಗಳು ಹತ್ತಿರ, ಹೋಲದವು ದೂರ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಮನಶ್ಶಾಸ್ತ್ರಜ್ಞ ರೋಜರ್ ಶೆಪರ್ಡ್ 1962ರಲ್ಲಿ ಎಕ್ಮನ್ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರು. ಬಣ್ಣಗಳು ವೃತ್ತದಂತೆ ಸುತ್ತಲೂ ಕೂತವು. ನೇರಳೆಯ ತುದಿ ಬಾಗಿ ಬಂದು ಕೆಂಪಿನ ಕಡೆ ತಿರುಗಿತ್ತು. ವೃತ್ತ ಬರಲಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ! ನನಗೆ ಈ ವಿಧಾನದ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಿದ್ದು ಇದರಿಂದಲೇ.

ಆದರೂ ಅಚ್ಚಾದ ನಕ್ಷೆಯನ್ನು ಕಣ್ಣುಮುಚ್ಚಿ ನಂಬಬಾರದು. ನಕ್ಷೆ ಅಂಕಿಗಳಿಂದ ಎಷ್ಟು ದೂರ ಸರಿದಿದೆ ಎಂಬುದಕ್ಕೆ ಗಣಿತಜ್ಞ ಜೋಸೆಫ್ ಕ್ರುಸ್ಕಲ್ 1964ರಲ್ಲಿ ಒಂದು ಅಳತೆ ಕೊಟ್ಟರು, ಹೆಸರು ಸ್ಟ್ರೆಸ್. ಸೊನ್ನೆಯಾದರೆ ಪೂರ್ತಿ ಸರಿ. ಶೇಕಡಾ 5 ಒಳ್ಳೆಯದು, 20 ಆದರೆ ಕಳಪೆ ಎಂದರು ಅವರು.

ಜಿಜಿವಿಸ್‌ನಂಥ ತಂತ್ರಾಂಶಗಳು ಬೇಕಾಗುವುದು ಇಲ್ಲಿಯೇ. ಪರದೆಯಲ್ಲಿ ಚುಕ್ಕೆಗಳು ಸರಿದಾಡುತ್ತಾ ಜಾಗ ಹುಡುಕುತ್ತವೆ, ಜೊತೆಗೆ ಸ್ಟ್ರೆಸ್ ಇಳಿಯುತ್ತಾ ಹೋಗುತ್ತದೆ. ಒಂದು ಚುಕ್ಕೆ ತನ್ನವರನ್ನು ಬಿಟ್ಟು ಆಚೆ ಬದಿಯಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತಿಟ್ಟುಕೊಳ್ಳಿ. ದಾಟಿ ಬರೋಣವೆಂದರೆ ನಡುವೆ ಇರುವ ಚುಕ್ಕೆಗಳು ಹಿಂದಕ್ಕೆ ತಳ್ಳುತ್ತವೆ. ಆಗ ಮೌಸ್‌ನಿಂದ ಹಿಡಿದೆಳೆದು ಈಚೆ ಬಿಡಿ. ಅಲ್ಲೇ ನಿಂತು ಸ್ಟ್ರೆಸ್ ಇನ್ನಷ್ಟು ಕುಸಿದರೆ, ಮೊದಲಿನ ಜಾಗ ತಪ್ಪಾಗಿತ್ತು. ಮತ್ತೆ ಆಚೆಗೇ ಓಡಿದರೆ ಅಂಕಿಗಳೇ ಅದನ್ನು ಅಲ್ಲಿಗೆ ಎಳೆಯುತ್ತಿವೆ. ಹೀಗೆ ಪ್ರಶ್ನೆ ಕೇಳಲು ಕಾಗದದ ಚಿತ್ರ ಬಿಡುವುದಿಲ್ಲ.

ಇನ್ನು ಮೇಲೆ–ಕೆಳಗೆ, ಎಡ–ಬಲಕ್ಕೆ ಇಲ್ಲಿ ಅರ್ಥವಿಲ್ಲ, ನಕ್ಷೆಯನ್ನು ಹೇಗೆ ತಿರುಗಿಸಿದರೂ ದೂರಗಳು ಅವೇ. ಕೆಲವು ಅಂಕಿಗಳಂತೂ ಹಾಳೆಯ ಮೇಲೆ ಕೂರುವುದೇ ಇಲ್ಲ. ಒಂದಕ್ಕೊಂದು ಸಮದೂರದಲ್ಲಿರುವ ನಾಲ್ಕು ಚುಕ್ಕೆಗಳನ್ನು ಕಾಗದದಲ್ಲಿ ಬರೆಯಲು ನೋಡಿ, ಆಗುವುದಿಲ್ಲ. ಮೂರನೇ ಆಯಾಮ ಕೊಟ್ಟು ತಿರುಗಿಸಿ ನೋಡಬೇಕು. ಆಮೇಲೆ ಚುಕ್ಕೆಗಳನ್ನು ಕಲಸಿಬಿಟ್ಟು ಮತ್ತೆ ಶುರು ಮಾಡಿ. ಪ್ರತಿಸಲ ಅದೇ ಆಕಾರ ಬರುತ್ತಿದ್ದರೆ, ಸ್ಟ್ರೆಸ್ಸೂ ಕಡಿಮೆ ಇದ್ದರೆ, ಧೈರ್ಯವಾಗಿ ಇನ್ನೊಬ್ಬರಿಗೆ ತೋರಿಸಿ.

ನಮಸ್ಕಾರ.