ಹಾಸು, ಹೊಕ್ಕು ಮತ್ತು ಹುಳು: ಅಂಗಾಂಶದ ದಾರಿಯಿಂದ ಅಕಶೇರುಕಗಳ ವರ್ಗೀಕರಣಕ್ಕೆ

(ಬಾಗಲಕೋಟೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರ ಎದುರು ಮಾಡಿದ ಉಪನ್ಯಾಸದ ಲಿಖಿತ ರೂಪ)

ಆತ್ಮೀಯ ಶಿಕ್ಷಕ ಬಂಧುಗಳೇ,

ಪ್ರಾಣಿ ಅಂಗಾಂಶಗಳನ್ನು ಒಂದು ಪಾಠವಾಗಿಯೂ ಅಕಶೇರುಕಗಳ, ಅಂದರೆ ಬೆನ್ನೆಲುಬಿಲ್ಲದ ಪ್ರಾಣಿಗಳ, ವರ್ಗೀಕರಣವನ್ನು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಪಾಠವಾಗಿಯೂ ನಾವು ಬಹುಕಾಲದಿಂದ ಕಲಿಸುತ್ತ ಬಂದಿದ್ದೇವೆ. ಮೊದಲನೆಯದರಿಂದ ಮಕ್ಕಳು ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ. ಎರಡನೆಯದರಿಂದ ಎಂಟೊಂಬತ್ತು ವಂಶಗಳ ಹೆಸರುಗಳನ್ನೂ ಒಂದೊಂದಕ್ಕೆ ಒಂದು ಉದಾಹರಣೆಯನ್ನೂ ಬಾಯಿಪಾಠ ಮಾಡುತ್ತಾರೆ. ಮೂವತ್ತು ವರ್ಷ ನಾನೂ ಹೀಗೆಯೇ ಕಲಿಸಿದವನು, ಆದ್ದರಿಂದ ಯಾರನ್ನೂ ದೂರುವ ಅಧಿಕಾರ ನನಗಿಲ್ಲ. ಆದರೆ ಯಾವ ಪ್ರಾಣಿಯ ಮೈಯಲ್ಲಿ ಎಂಥ ಅಂಗಾಂಶವಿದೆ ಎಂಬುದನ್ನು ಬಿಟ್ಟು ಅದನ್ನು ಯಾವ ವಂಶದಲ್ಲಿ ಇಡಬೇಕು ಎಂಬುದನ್ನು ಹೇಳಲು ಹೊರಟರೆ ನಮ್ಮ ಕೈಯಲ್ಲಿ ಉಳಿಯುವುದು ಬರಿಯ ಪಟ್ಟಿ ಎಂಬುದು ನನಗೆ ತಡವಾಗಿ ಹೊಳೆಯಿತು. ಇಂದು ಆ ಎರಡು ಪಾಠಗಳನ್ನು ಕೂಡಿಸಿ ನೋಡೋಣ.

ಇವೆರಡೂ ಹುಟ್ಟಿದ್ದು ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ. 1801ರಲ್ಲಿ ಪ್ಯಾರಿಸ್ಸಿನ ವೈದ್ಯ ಬಿಶಾ ತನ್ನ ಅಂಗರಚನಾಶಾಸ್ತ್ರದ ಗ್ರಂಥವನ್ನು ಪ್ರಕಟಿಸಿ, ಮನುಷ್ಯನ ಅವಯವಗಳೆಲ್ಲ 21 ಬಗೆಯ ಅಂಗಾಂಶಗಳಿಂದ ಆಗಿವೆ ಎಂದು ತೋರಿಸಿದನು. ಆತನಿಗೆ ಸೂಕ್ಷ್ಮದರ್ಶಕದ ಮೇಲೆ ನಂಬಿಕೆ ಇರಲಿಲ್ಲ. ಶವದ ಭಾಗಗಳನ್ನು ನೆನೆಸಿ, ಬೇಯಿಸಿ, ಒಣಗಿಸಿ, ಆಮ್ಲದಲ್ಲಿ ಇಟ್ಟು, ಯಾವುದು ಹೇಗೆ ಬಿಡಿಸಿಕೊಳ್ಳುತ್ತದೆ ಎಂದು ಬರಿಗಣ್ಣಿನಿಂದಲೇ ನೋಡಿ ಈ ತೀರ್ಮಾನಕ್ಕೆ ಬಂದ ಆತ ಮರುವರ್ಷವೇ, ಇನ್ನೂ 30ರ ಪ್ರಾಯದಲ್ಲಿ, ತೀರಿಕೊಂಡನು. ಅದೇ 1801ರಲ್ಲಿ ಅದೇ ಊರಿನ ಪ್ರಕೃತಿ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಲಾಮಾರ್ಕ್ ಬೆನ್ನೆಲುಬಿಲ್ಲದ ಪ್ರಾಣಿಗಳ ವ್ಯವಸ್ಥೆಯ ಕುರಿತು ಗ್ರಂಥ ಬರೆದನು. ಲಾಮಾರ್ಕ್ ಮೂಲತಃ ಸಸ್ಯಶಾಸ್ತ್ರಜ್ಞ. 1793ರಲ್ಲಿ, ಐವತ್ತರ ಹೊಸ್ತಿಲಲ್ಲಿದ್ದಾಗ, ಕೀಟಗಳು ಮತ್ತು ಹುಳುಗಳ ಪೀಠ ಅವನ ಪಾಲಿಗೆ ಬಂದಿತ್ತು. ಅದಕ್ಕೆ ಮೊದಲು, 1758ರಲ್ಲಿ, ಸ್ವೀಡನ್ನಿನ ಪ್ರಕೃತಿಶಾಸ್ತ್ರಜ್ಞ ಲಿನಿಯಸ್ ಇಡೀ ಪ್ರಾಣಿಲೋಕವನ್ನು ಆರು ವರ್ಗಗಳಾಗಿ ವಿಂಗಡಿಸಿ, ಅದರಲ್ಲಿ ನಾಲ್ಕನ್ನು ಬೆನ್ನೆಲುಬುಳ್ಳವುಗಳಿಗೆ ಕೊಟ್ಟು, ಉಳಿದೆಲ್ಲವನ್ನೂ ‘ಕೀಟಗಳು’ ಮತ್ತು ‘ಹುಳುಗಳು’ ಎಂಬ ಎರಡು ಮೂಟೆಗಳಲ್ಲಿ ತುಂಬಿಟ್ಟಿದ್ದನು. ಲಾಮಾರ್ಕ್ ಆ ಮೂಟೆಗಳ ಬಾಯಿ ಬಿಚ್ಚಿದನು.

ಬಿಶಾ ಬಳಸಿದ ಫ್ರೆಂಚ್ ಮಾತು ‘ತಿಸ್ಸ್ಯೂ’, ಅಂದರೆ ನೇಯ್ದ ಬಟ್ಟೆ. ನಾವು ಅದನ್ನು ‘ಅಂಗಾಂಶ’ ಎಂದು ಮಾಡಿಕೊಂಡಾಗ ಅರ್ಥ ಉಳಿಯಿತು, ಮಗ್ಗ ಹೋಯಿತು. ಇಳಕಲ್ಲು ಮತ್ತು ಗುಳೇದಗುಡ್ಡ ಇರುವ ಈ ಜಿಲ್ಲೆಯಲ್ಲಿ ಆ ಮಗ್ಗವನ್ನು ಮರಳಿ ತರುವುದು ಕಷ್ಟವಲ್ಲ. ನೂಲಿನ ಉಂಡೆ ಬಟ್ಟೆಯಲ್ಲ. ಹಾಸೂ ಹೊಕ್ಕೂ ಒಂದು ಕ್ರಮದಲ್ಲಿ ಕೂಡಿದಾಗಲೇ ಬಟ್ಟೆ. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು, ಎಳೆ ಎಳೆಗೂ ಕೊಂಡಿ ಹಾಕಿ ಸೇರಿಸುತ್ತಾರೆ. ಕೊಂಡಿ ಸಡಿಲವಾದರೆ ಸೆರಗು ನಿಲ್ಲುವುದಿಲ್ಲ. ಜೀವಕೋಶಗಳ ವಿಷಯವೂ ಹೀಗೆಯೇ. ‘ಒಂದೇ ಬಗೆಯ ಜೀವಕೋಶಗಳ ಗುಂಪು ಅಂಗಾಂಶ’ ಎಂಬ ನಮ್ಮ ವ್ಯಾಖ್ಯೆಯಲ್ಲಿ ತಪ್ಪಿಲ್ಲ, ಆದರೆ ಅದು ನೂಲಿನ ಲೆಕ್ಕ ಮಾತ್ರ. ಆ ಕೋಶಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ, ಅವುಗಳ ನಡುವೆ ಏನು ತುಂಬಿದೆ ಎಂಬುದನ್ನು ಹೇಳಿದಾಗ ವ್ಯಾಖ್ಯೆ ಪೂರ್ಣವಾಗುತ್ತದೆ. ಮೈಗೂ ಅವಯವಗಳಿಗೂ ಹೊದಿಕೆಯಾಗಿರುವ ಅನುಲೇಪಕ ಅಂಗಾಂಶದಲ್ಲಿ ಕೋಶಗಳು ಒತ್ತೊತ್ತಾಗಿ, ಒಂದು ತೆಳು ತಳಪೊರೆಯ ಮೇಲೆ, ಮೇಲು ಯಾವುದು ಕೆಳಗು ಯಾವುದು ಎಂಬ ಅರಿವಿನಿಂದ ಎಂಬಂತೆ ಕೂತಿರುತ್ತವೆ. ಸಂಯೋಜಕ ಅಂಗಾಂಶದಲ್ಲಿ ಕೋಶಗಳು ವಿರಳ, ನಡುವಿನ ವಸ್ತುವೇ ಹೆಚ್ಚು. ಸ್ನಾಯು ಸಂಕುಚಿಸುತ್ತದೆ, ನರ ಸುದ್ದಿ ಒಯ್ಯುತ್ತದೆ. ಇವೆರಡರ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು.

‘ಅಕಶೇರುಕ’ ಎಂಬ ಹೆಸರಿನ ಬಗ್ಗೆ ಒಂದು ತಕರಾರು ಹೇಳಿಯೇ ಮುಂದೆ ಹೋಗಬೇಕು. ಅಂಗಡಿಯವನು ಒಂದು ಕಪಾಟಿನ ಮೇಲೆ ‘ಇಳಕಲ್ ಸೀರೆ ಅಲ್ಲದವು’ ಎಂದು ಬರೆದಿಟ್ಟರೆ ಅದರೊಳಗೆ ಗುಳೇದಗುಡ್ಡದ ಖಣವೂ ಕುರಿಯ ಕಂಬಳಿಯೂ ಗೋಣಿತಟ್ಟೂ ಒಟ್ಟಿಗೆ ಬಿದ್ದಿರುತ್ತವೆ. ಅಕಶೇರುಕ ಎಂಬುದು ಅಂಥ ಕಪಾಟು. ವಿಜ್ಞಾನ ಹೆಸರಿಟ್ಟಿರುವ ಕೀಟಗಳೇ ಸುಮಾರು 10 ಲಕ್ಷ ಪ್ರಭೇದಗಳಿವೆ, ಬೆನ್ನೆಲುಬುಳ್ಳವು 70 ಸಾವಿರದ ಆಸುಪಾಸು. ಅಲ್ಪಸಂಖ್ಯಾತರು ತಮ್ಮಲ್ಲಿರುವುದು ಇತರರಲ್ಲಿ ಇಲ್ಲವೆಂದು ಬಹುಸಂಖ್ಯಾತರಿಗೆಲ್ಲ ಒಂದೇ ಹೆಸರಿಟ್ಟಂತಾಯಿತು. ಹೆಸರು ಅನುಕೂಲಕ್ಕೆ ಇರಲಿ, ಅದು ಒಂದು ಕುಲವೆಂದು ಮಾತ್ರ ಮಕ್ಕಳಿಗೆ ಹೇಳದಿರೋಣ.

ಈಗ ಕಪಾಟು ತೆರೆಯೋಣ. ಮೊದಲು ಕೈಗೆ ಬರುವುದು ಸ್ಪಂಜು. 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಜೀವಂತ ಸ್ಪಂಜನ್ನು ತೆಳುವಾದ ರೇಷ್ಮೆ ಬಟ್ಟೆಯಲ್ಲಿ ಹಿಂಡಿ, ಕೋಶಗಳನ್ನೆಲ್ಲ ಬಿಡಿಬಿಡಿಯಾಗಿ ಸಮುದ್ರದ ನೀರಿಗೆ ಉದುರಿಸಿದನು. ಅವು ತೆವಳುತ್ತ ಬಂದು ಒಂದನ್ನೊಂದು ಕೂಡಿಕೊಂಡು ಮತ್ತೆ ಸ್ಪಂಜಾದವು. ಎರೆಹುಳುವನ್ನೋ ಇಲಿಯನ್ನೋ ಹೀಗೆ ಹಿಂಡಿ ಮರಳಿ ಪಡೆಯಲಾರೆವು. ಸ್ಪಂಜಿನಲ್ಲಿ ನೀರನ್ನು ಸೆಳೆಯುವ ಕೊರಳಪಟ್ಟಿಯ ಕೋಶಗಳಿವೆ, ಹೊರಗೆ ಹೊದಿಕೆಯಂಥ ಚಪ್ಪಟೆ ಕೋಶಗಳಿವೆ, ನಡುವಿನ ಲೋಳೆಯಲ್ಲಿ ಅಲೆದಾಡುತ್ತ ಬೇಕಾದಂತೆ ವೇಷ ಬದಲಿಸಬಲ್ಲ ಕೋಶಗಳಿವೆ. ಕೆಲಸದ ಹಂಚಿಕೆ ಇದೆ, ಆದರೆ ಬಿಗಿಯಾದ ನೇಯ್ಗೆ ಇಲ್ಲ, ನರವಿಲ್ಲ, ಸ್ನಾಯುವಿಲ್ಲ. ನಿಜವಾದ ಅಂಗಾಂಶವಿಲ್ಲದ ಪ್ರಾಣಿಗಳೆಂದು ಇವನ್ನು ಬೇರೆ ಇಡುವುದು ಈ ಕಾರಣಕ್ಕೆ. ಮೈತುಂಬ ರಂಧ್ರಗಳಿವೆ ಎಂಬುದು ‘ಪೊರಿಫೆರಾ’ (ರಂಧ್ರ ಹೊತ್ತವು) ಎಂಬ ವಂಶದ ಹೆಸರಿಗೆ ಕಾರಣ, ವಿಂಗಡಣೆಯ ಆಳದ ಕಾರಣವಲ್ಲ. ಸ್ಪಂಜು ಎಂದರೆ ಸಮುದ್ರವೇ ಬೇಕೆಂದೇನೂ ಇಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕ ಅನ್ನಂಡೇಲ್ 1911ರಲ್ಲಿಯೇ ಈ ದೇಶದ ಸಿಹಿನೀರಿನ ಸ್ಪಂಜುಗಳ ಬಗ್ಗೆ ಒಂದು ಸಂಪುಟ ಬರೆದಿದ್ದಾನೆ. ನೀರು ಬತ್ತಿದಾಗ ಇವು ಗಟ್ಟಿ ಕವಚದ ಸಣ್ಣ ಕಾಳುಗಳಾಗಿ ಬೇಸಿಗೆ ಕಳೆಯುತ್ತವೆ.

ಎರಡನೆಯದು ಹೈಡ್ರಾ. ಇಲ್ಲಿ ಮೊದಲ ಬಾರಿಗೆ ಬಟ್ಟೆ ಕಾಣುತ್ತದೆ: ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಲೋಳೆ. ಇದನ್ನು ಕಲಿಸುವಾಗ ನಾವು ಕುಟುಕುಕಣಗಳ ಬಳಿಯೇ ನಿಂತುಬಿಡುತ್ತೇವೆ. ನನಗೆ ಅದಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದು ಕಾಣುವುದು ಹೊದಿಕೆ ಮತ್ತು ಸ್ನಾಯು ಎರಡೂ ತಾನೇ ಆಗಿರುವ ಅದರ ಕೋಶ. ಮೇಲ್ಭಾಗ ಚರ್ಮದಂತೆ ಮೈ ಮುಚ್ಚುತ್ತದೆ, ಅದೇ ಕೋಶದ ಬುಡ ಎಳೆಯಂತೆ ಚಾಚಿಕೊಂಡು ಸಂಕುಚಿಸುತ್ತದೆ. ನಾವು ನಾಲ್ಕು ಬೇರೆ ಬೇರೆ ಖಾನೆಗಳಲ್ಲಿ ಬರೆಸುವ ಅಂಗಾಂಶಗಳಲ್ಲಿ ಎರಡು ಇಲ್ಲಿ ಇನ್ನೂ ಒಂದೇ ಕೋಶದಲ್ಲಿವೆ. ನರಗಳೂ ಬಂದಿವೆ, ಆದರೆ ಮಿದುಳಿಲ್ಲ. ಮೈಯೆಲ್ಲ ಹರಡಿದ ಒಂದು ಬಲೆ.

ಚಪ್ಪಟೆ ಹುಳುಗಳಿಂದ ಮುಂದೆ ಭ್ರೂಣದಲ್ಲಿ ಮೂರನೆಯ ಪದರ, ಅಂದರೆ ನಡುಪದರ, ಕಾಣಿಸಿಕೊಳ್ಳುತ್ತದೆ. ವರ್ಗೀಕರಣದ ಮಾತಿನಲ್ಲಿ ‘ತ್ರಿಪದರ ಪ್ರಾಣಿಗಳು’ ಎಂದು ಒಂದು ಸಾಲಿನಲ್ಲಿ ಮುಗಿಯುವ ಈ ಸಂಗತಿ ಅಂಗಾಂಶದ ಮಾತಿನಲ್ಲಿ ದೊಡ್ಡದು: ಸ್ನಾಯು ಹೊದಿಕೆಯ ಚಾಕರಿಯಿಂದ ಬಿಡುಗಡೆಯಾಗಿ ತನ್ನದೇ ಪದರದಿಂದ ಹುಟ್ಟುತ್ತದೆ.

ದುಂಡುಹುಳುಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಅವುಗಳಲ್ಲೊಂದು ನಮ್ಮ ಸೀಮೆಯ ಹಳೆಯ ಶತ್ರು. ನಾರುಹುಣ್ಣು ಎಂದರೆ ಇಲ್ಲಿರುವ ಹಿರಿಯರಿಗೆ ನೆನಪಿರುತ್ತದೆ. ಮೆಟ್ಟಿಲಿಳಿದು, ಕಾಲು ಅದ್ದಿ ನೀರು ತುಂಬುವ ಬಾವಿಗಳಲ್ಲಿ, ಹುಣ್ಣಿನಿಂದ ಹೊರಬಿದ್ದ ಮರಿಗಳನ್ನು ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದ ನೀರಚಿಗಟ ತಿನ್ನುತ್ತಿತ್ತು. ಆ ನೀರು ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಮೀಟರಿನಷ್ಟು ಉದ್ದದ ಹೆಣ್ಣುಹುಳು ಹೊರಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತಿದ್ದರು. ಒಂದೇ ಬಾವಿಯಲ್ಲಿ ಎರಡು ವಂಶಗಳಿದ್ದವು ಎಂಬುದನ್ನು ಗಮನಿಸಿ: ಹುಳು ದುಂಡುಹುಳುಗಳಲ್ಲಿ ಒಂದು, ಸೈಕ್ಲಾಪ್ಸ್ ಏಡಿ-ಸೀಗಡಿಗಳ ಬಂಧುವಾದ ಸಂಧಿಪದಿ, ಅಂದರೆ ಕೀಲುಗಾಲಿನ ಪ್ರಾಣಿ. ಈ ರೋಗವನ್ನು ಓಡಿಸಿದ್ದು ಲಸಿಕೆಯಲ್ಲ, ಔಷಧವೂ ಅಲ್ಲ. ಬಾವಿಗಳ ಸುಧಾರಣೆ, ಕೊಳವೆಬಾವಿ, ಮತ್ತು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ರೂಢಿ. ಭಾರತದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಮುಕ್ತವೆಂದು ಸಾರಿತು.

ದುಂಡುಹುಳುವಿನ ಮೈಯಲ್ಲಿ ಉದ್ದುದ್ದದ ಸ್ನಾಯುಗಳು ಮಾತ್ರ ಇವೆ, ಸುತ್ತುಸ್ನಾಯುಗಳಿಲ್ಲ. ಆದ್ದರಿಂದ ಅದು ಎರೆಹುಳುವಿನಂತೆ ಹಿಗ್ಗಿ ಕುಗ್ಗಿ ಸಾಗಲಾರದು, ಚಾಟಿಯಂತೆ ಬಳುಕುತ್ತದೆ. ಇನ್ನೂ ಒಂದು ವಿಚಿತ್ರವಿದೆ. ನಮ್ಮಲ್ಲಿ ನರ ಸ್ನಾಯುವನ್ನು ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಸ್ನಾಯುಕೋಶವೇ ತೋಳು ಚಾಚಿ ನರದ ಬಳಿಗೆ ಹೋಗುತ್ತದೆ. ಮಣ್ಣಿನಲ್ಲಿ ಬದುಕುವ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದರಲ್ಲಿ, ಸಂತಾನಕೋಶಗಳನ್ನು ಬಿಟ್ಟು, 959 ಕೋಶಗಳಿವೆಯೆಂದೂ ಅವುಗಳಲ್ಲಿ 302 ನರಕೋಶಗಳೆಂದೂ ಒಂದೊಂದಾಗಿ ಎಣಿಸಿದ್ದಾರೆ. ಆ ಕೆಲಸದ ಬೆನ್ನು ಹಿಡಿದ ಸಂಶೋಧನೆಗೆ 2002ರ ನೊಬೆಲ್ ಬಂದಿತು.

ಎರೆ ಹೊಲದ ಜನಕ್ಕೆ ಎರೆಹುಳುವನ್ನು ಪರಿಚಯಿಸಬೇಕಾಗಿಲ್ಲ. ಅದರಲ್ಲಿ ಉದ್ದದ ಸ್ನಾಯುಗಳ ಜೊತೆಗೆ ಸುತ್ತುಸ್ನಾಯುಗಳಿವೆ, ನಡುಪದರದ ಅನುಲೇಪಕವೇ ಒಳಗೋಡೆಯಾಗಿರುವ ದೇಹಾವಕಾಶವಿದೆ (ಮೈಗೋಡೆಗೂ ಕರುಳಿಗೂ ನಡುವಿನ ಟೊಳ್ಳು), ಆ ಅವಕಾಶದ ದ್ರವವನ್ನು ಒತ್ತಿ ಹಿಡಿದು ಎಲುಬಿಲ್ಲದೆಯೂ ಬಿಗಿಯಾಗಿ ಮಣ್ಣು ಸೀಳುತ್ತದೆ. ಅದರ ರಕ್ತ ಕೆಂಪು. ಆದರೆ ಕೆಂಪು ರಕ್ತಕಣಗಳಿಲ್ಲ. ಹಿಮೋಗ್ಲೋಬಿನ್ ನೇರವಾಗಿ ದ್ರವದಲ್ಲಿ ಕರಗಿದೆ.

ರಕ್ತದ ಮಾತು ಬಂದದ್ದರಿಂದ ಅದನ್ನೇ ಮುಂದುವರಿಸುತ್ತೇನೆ. ರಕ್ತವೂ ಸಂಯೋಜಕ ಅಂಗಾಂಶವೆಂದರೆ ಮಕ್ಕಳು ನಂಬುವುದಿಲ್ಲ, ಹರಿಯುವ ಬಟ್ಟೆ ಎಲ್ಲಿಯಾದರೂ ಉಂಟೇ ಎನ್ನುತ್ತಾರೆ. ಕೋಶಗಳು ವಿರಳ, ನಡುವಿನ ವಸ್ತು ಹೆಚ್ಚು ಎಂಬ ಲಕ್ಷಣವನ್ನು ನೆನಪಿಸಿದರೆ ಒಪ್ಪುತ್ತಾರೆ. ಏಡಿ ಮತ್ತು ಚೇಳುಗಳ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ಆಮ್ಲಜನಕ ಸೇರಿದಾಗ ಅದು ನಸುನೀಲಿಯಾಗುತ್ತದೆ. ಬಹುಪಾಲು ಬಸವನಹುಳುಗಳದ್ದೂ ಹಾಗೆಯೇ. ಜಿರಳೆಯ ರಕ್ತಕ್ಕೆ ಬಣ್ಣವೇ ಇಲ್ಲ, ಏಕೆಂದರೆ ಆಮ್ಲಜನಕ ಹೊರುವ ಕೆಲಸ ಅದಕ್ಕಿಲ್ಲ. ಗಾಳಿಯ ಕೊಳವೆಗಳು ನೇರವಾಗಿ ಅಂಗಾಂಶಗಳ ಬಾಗಿಲಿಗೇ ಹೋಗುತ್ತವೆ. ಹೊಡೆದ ಸೊಳ್ಳೆಯಿಂದ ಅಂಗೈಗೆ ಹತ್ತುವ ಕೆಂಪು ಸೊಳ್ಳೆಯದಲ್ಲ, ಅದು ಕುಡಿದ ರಕ್ತದ್ದು.

ಸಂಧಿಪದಿಗಳ ವಿಷಯದಲ್ಲಿ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪೆಂದರೆ ‘ಏಡಿಗೆ ಹೊರಗೆ ಎಲುಬಿದೆ’ ಎಂಬುದು. ಎಲುಬು ಜೀವಂತ ಕೋಶಗಳುಳ್ಳ ಸಂಯೋಜಕ ಅಂಗಾಂಶ. ಏಡಿಯ ಚಿಪ್ಪು ಅಂಗಾಂಶವೇ ಅಲ್ಲ, ಅದರ ಕೆಳಗಿನ ಅನುಲೇಪಕ ಕೋಶಗಳು ಸ್ರವಿಸಿದ ನಿರ್ಜೀವ ಹೊದಿಕೆ. ನಿರ್ಜೀವವಾದ್ದರಿಂದ ಅದು ಬೆಳೆಯಲಾರದು, ಬೆಳೆಯಲಾರದ್ದರಿಂದ ಪ್ರಾಣಿ ಅದನ್ನು ಕಳಚಲೇಬೇಕು. ಪೊರೆ ಬಿಡುವುದರ ಕಾರಣ ಇಷ್ಟರಲ್ಲಿಯೇ ಇದೆ. ಇನ್ನು ಸ್ನಾಯು: ನಮ್ಮಲ್ಲಿ ಕರುಳಿನ ಸ್ನಾಯು ಪಟ್ಟೆಯಿಲ್ಲದ್ದು, ಕೀಟದಲ್ಲಿ ಕರುಳಿನದೂ ಪಟ್ಟೆಯುಳ್ಳದ್ದೇ. ಮೃಗಶಿರಾ ಮಳೆ ಬಿದ್ದ ಮೇಲೆ ಹೊಲದಲ್ಲಿ ಕಾಣಿಸುವ ಕೆಂಪು ಮಖಮಲ್ಲಿನಂಥ ಜೀವಿಯನ್ನು ಮಕ್ಕಳು ಕೀಟವೆಂದೇ ಬರೆಯುತ್ತಾರೆ. ಕಾಲು ಎಣಿಸಲು ಹೇಳಿ, ಎಂಟಿವೆ, ಅದು ಚೇಳು ಮತ್ತು ಜೇಡಗಳ ಬಳಗ.

ಬಸವನಹುಳು, ಶಂಖಗಳಂಥ ಮೃದ್ವಂಗಿಗಳಲ್ಲಿಯೂ ಚಿಪ್ಪು ಅನುಲೇಪಕದ್ದೇ ಸೃಷ್ಟಿ. ಎಷ್ಟೋ ದೇಶಗಳಲ್ಲಿ ಸುಣ್ಣಕಲ್ಲೆಂದರೆ ಇಂಥ ಚಿಪ್ಪುಗಳ ರಾಶಿ. ಕಲಾದಗಿ ಸೀಮೆಯ, ಸಿಮೆಂಟಿಗೆ ಹೋಗುವ ನಮ್ಮ ಸುಣ್ಣಕಲ್ಲಿನಲ್ಲಿ ಮಾತ್ರ ಶಂಖ ಹುಡುಕಿದರೆ ಸಿಗುವುದಿಲ್ಲ. ಅದು ನೂರು ಕೋಟಿ ವರ್ಷಗಳಿಗೂ ಹಳೆಯದು. ಆ ಕಲ್ಲುಗಳಲ್ಲಿ ಅಲ್ಲಲ್ಲಿ ಕಾಣುವ ಪದರ ಪದರದ ಗುಮ್ಮಟಗಳು ಸೂಕ್ಷ್ಮಜೀವಿಗಳ ಚಾಪೆ ಬಿಟ್ಟುಹೋದ ಗುರುತು. ಅವು ರೂಪುಗೊಂಡಾಗ ಈ ಭೂಮಿಯ ಮೇಲೆ ಚಿಪ್ಪು ಕಟ್ಟುವ ಅಂಗಾಂಶವೇ ಇರಲಿಲ್ಲ.

ನಕ್ಷತ್ರಮೀನಿನಂಥ ಕಂಟಕಚರ್ಮಿಗಳ ಒರಟು ಹಂದರ ಚರ್ಮದ ಹೊರಗಿನದಲ್ಲ, ನಮ್ಮ ಎಲುಬಿನಂತೆ ನಡುಪದರದಿಂದ ಒಳಗೇ ಹುಟ್ಟುವಂಥದು. ಅವುಗಳ ಸಂಯೋಜಕ ಅಂಗಾಂಶ ನರದ ಅಪ್ಪಣೆಯಂತೆ ಕ್ಷಣದಲ್ಲಿ ಗಟ್ಟಿಯಾಗಬಲ್ಲದು, ಮೆತ್ತಗಾಗಬಲ್ಲದು. ನಮ್ಮದಕ್ಕೆ ಆ ವಿದ್ಯೆ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ವಾದದ ಮಿತಿಯನ್ನೂ ಹೇಳಬೇಕು. ಅಂಗಾಂಶವಿಲ್ಲದ್ದು, ಎರಡು ಪದರ, ಮೂರು ಪದರ ಎಂಬವರೆಗೆ ಅಂಗಾಂಶದ ದಾರಿ ಗಟ್ಟಿ. ಅಲ್ಲಿಂದ ಮುಂದೆ ದೇಹಾವಕಾಶವಿಲ್ಲದ ಚಪ್ಪಟೆ ಹುಳು, ಅರೆ ಅವಕಾಶದ ದುಂಡುಹುಳು, ಪೂರ್ಣ ಅವಕಾಶದ ಎರೆಹುಳು ಎಂದು ಮೆಟ್ಟಿಲು ಕಟ್ಟಿದ್ದೆವಲ್ಲ, ಅದು ಸಡಿಲವಾಗಿದೆ. 1997ರಲ್ಲಿ ಅನುವಂಶಿಕ ವಸ್ತುವಿನ ಹೋಲಿಕೆಯಿಂದ ದುಂಡುಹುಳುಗಳೂ ಸಂಧಿಪದಿಗಳೂ ಹತ್ತಿರದ ಬಂಧುಗಳೆಂದು, ಎರಡೂ ಪೊರೆ ಬಿಡುವ ಒಂದೇ ಬಳಗವೆಂದು ವಾದ ಬಂದಿತು. ಇಂದು ಅದು ಬಹುಮಟ್ಟಿಗೆ ಒಪ್ಪಿತವಾಗಿದೆ. ಮೈ ಉಂಗುರ ಉಂಗುರವಾಗಿದೆ ಎಂಬ ಕಾರಣಕ್ಕೆ ನಾವು ಜರಿಹುಳುವಿನ ಪಕ್ಕದಲ್ಲಿ ಕೂಡಿಸಿದ್ದ ಎರೆಹುಳು ಎದ್ದುಹೋಗಿ ಬಸವನಹುಳುವಿನ ಪಕ್ಕದಲ್ಲಿ ಕುಳಿತಿದೆ. ಕಂಟಕಚರ್ಮಿಗಳಂತೂ ಕೀಟಗಳಿಗಿಂತ ನಮಗೇ ಹತ್ತಿರ. ಪಠ್ಯದ ಕ್ರಮವನ್ನು ನಾಳೆಯೇ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಆ ಕ್ರಮವನ್ನು ಕೀಳಿನಿಂದ ಮೇಲಕ್ಕೆ ಹೋಗುವ ಮೆಟ್ಟಿಲೆಂದು ಕಲಿಸುವುದನ್ನು ಬಿಡಬಹುದು.

ಹಿಂದಿನ ಮೇಜಿನ ಮೇಲೆ ಮೂರು ಸೂಕ್ಷ್ಮದರ್ಶಕಗಳನ್ನು ಇರಿಸಿದೆ. ಒಂದರಲ್ಲಿ ಹೈಡ್ರಾದ ಅಡ್ಡಸೀಳು, ಇನ್ನೊಂದರಲ್ಲಿ ಜಂತುಹುಳು ಎಂಬ ದುಂಡುಹುಳುವಿನದು, ಮತ್ತೊಂದರಲ್ಲಿ ಎರೆಹುಳುವಿನದು. ಚೀಟಿ ಅಂಟಿಸಿಲ್ಲ. ಪದರಗಳನ್ನು ಎಣಿಸಿ, ಸ್ನಾಯು ಯಾವ ದಿಕ್ಕಿಗೆ ಹರಿದಿದೆ ನೋಡಿ, ಯಾವುದು ಯಾವುದೆಂದು ಬರೆದುಕೊಂಡು ಬನ್ನಿ. ಚಹಾದ ನಂತರ ಮಾತಾಡೋಣ.